ನೀರುಗಂಟಿಯ ಜೇಬುಗಡಿಯಾರ

"ಗುರುಗಳೇ, ಗೆದ್ದಲು ತಿಂದ ಗರಿಗಳನ್ನು ನಾನು ಎಲ್ಲಿ ಹುಡುಕಲಿ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಹೊನ್ನಯ್ಯ. ನಾಲ್ಕು ಊರು ಸುತ್ತಿ ಓದಿ ಬಂದವನು. ಗುರುಗಳಿಗೆ ವಯಸ್ಸಾಗಿತ್ತು. ನನ್ನ ನಂತರ ಈ ಜಗುಲಿಯ ಮೇಲೆ ನೀನೇ ಕೂರಬೇಕು ಎಂದು ಅವನಿಗೆ ಹೇಳಿ ಆಗಿತ್ತು. ಆವತ್ತಿನಿಂದ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ.

ಗುರುಗಳು ಹರಿದ ಜೋಳಿಗೆಗೆ ತೇಪೆ ಹಾಕಲು ಕೂತಿದ್ದರು. "ಯಾವ ಗರಿ ಮಗೂ?" ಎಂದರು.

"ನಿಮ್ಮ ತಾಳೆಗರಿಯ ಕಟ್ಟಿನ ಗರಿಗಳು. ಜನ ಜಗಳ ಹೊತ್ತು ತರುತ್ತಾರೆ, ದುಃಖ ಹೊತ್ತು ತರುತ್ತಾರೆ. ನೀವು ಮಜ್ಜಿಗೆ ಕೊಡುತ್ತೀರಿ, ಊರಿನ ಸುದ್ದಿ ಕೇಳುತ್ತೀರಿ. ಅದೆಲ್ಲ ಉಪಚಾರದ ಮಾತು. ಆಮೇಲೆ ಕಟ್ಟು ಬಿಚ್ಚುತ್ತೀರಿ, ಒಂದು ಗರಿ ನೋಡುತ್ತೀರಿ, ಕಟ್ಟಿ ಇಟ್ಟು ಒಂದು ಮಾತು ಹೇಳುತ್ತೀರಿ. ಅತ್ತುಕೊಂಡು ಬಂದವರು ನಗುತ್ತಾ ಹೋಗುತ್ತಾರೆ. ನಾಳೆ ನಾನು ಕೂತಾಗ ಏನು ನೋಡಲಿ?"

"ಕಟ್ಟು ಅಲ್ಲೇ ಇದೆಯಲ್ಲ."

ಹೊನ್ನಯ್ಯ ತಲೆ ತಗ್ಗಿಸಿದ. "ತಪ್ಪಾಯಿತು ಗುರುಗಳೇ. ನೀವು ಸ್ನಾನಕ್ಕೆ ಹೋದಾಗ ಬಿಚ್ಚಿ ಓದಿದೆ. ಉಳಿದಿರುವ ಗರಿಗಳಲ್ಲಿ ಇರುವುದೆಲ್ಲ ಕುದುರೆಗಳ ಹೊಟ್ಟೆನೋವಿಗೆ ಕಷಾಯ, ಗೊರಸಿನ ಹುಣ್ಣಿಗೆ ಲೇಪ. ಅಂದ ಮೇಲೆ ನಿಜವಾದ ವಿಷಯವೆಲ್ಲ ಗೆದ್ದಲು ತಿಂದ ಗರಿಗಳಲ್ಲೇ ಇದ್ದಿರಬೇಕು. ಬೇರೆ ಮಠಗಳಲ್ಲಿ ಅದರ ಪ್ರತಿ ಇದ್ದೀತು. ಅಪ್ಪಣೆ ಕೊಟ್ಟರೆ ಹೊರಡುತ್ತೇನೆ."

"ಕುದುರೆಯೇ?" ಎಂದರು ಗುರುಗಳು. ದಾರದ ತುದಿಯನ್ನು ನಾಲಗೆಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿದರು. ಮಠಕ್ಕೆ ಬಂದ ಕಾಗದಗಳನ್ನೆಲ್ಲ ಕಣ್ಣು ಮಂಜೆಂದು ಹೊನ್ನಯ್ಯನಿಂದಲೇ ಓದಿಸುತ್ತಿದ್ದ ಗುರುಗಳಿಗೆ ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು.

"ಹೊರಡುವೆಯಂತೆ. ಅದಕ್ಕೆ ಮುಂಚೆ ಹೀಗೇ ಹುಡುಕಿಕೊಂಡು ಹೊರಟವನೊಬ್ಬನ ಕತೆ ಕೇಳು" ಎಂದು ಶುರು ಮಾಡಿದರು.

ಒಂದು ಊರು. ಊರಿಗೆ ಒಂದು ಕೆರೆ. ಕೆರೆಗೆ ಒಂದು ತೂಬು. ತೂಬಿನ ಬಾಯಿಂದ ಹೊರಟ ಕಾಲುವೆಯ ಉದ್ದಕ್ಕೂ ಗದ್ದೆಗಳು. ಯಾರ ಗದ್ದೆಗೆ ಯಾವಾಗ ನೀರು, ಎಷ್ಟು ಹೊತ್ತು ನೀರು ಎಂದು ಹೇಳುವವನು ಒಬ್ಬನೇ, ನೀರುಗಂಟಿ. ಆ ಊರಿನ ಪದ್ಧತಿ ಏನೆಂದರೆ ನೀರುಗಂಟಿಗೆ ಆ ಕೆರೆಯ ಕೆಳಗೆ ಒಂದು ಅಂಗೈಯಗಲ ಗದ್ದೆಯೂ ಇರಕೂಡದು. ಇದ್ದರೆ ಕೈ ತನ್ನ ಕಡೆಗೇ ತಿರುಗೀತಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನ ಮನೆಗೆ ಭತ್ತ ಹೋಗುತ್ತಿತ್ತು. ಅದೇ ಅವನ ಅನ್ನ.

ನೀರುಗಂಟಿಯ ಬಳಿ ಒಂದು ಜೇಬುಗಡಿಯಾರ ಇತ್ತು. ತೂಬು ಕಟ್ಟಿಸಲು ಬಂದಿದ್ದ ಇಂಜಿನಿಯರು ಹೋಗುವಾಗ ಅವನ ಅಪ್ಪನಿಗೆ ಕೊಟ್ಟು ಹೋದದ್ದು. ಬೆಳ್ಳಿಯ ಡಬ್ಬಿ, ಹಿಂದೆ ಮುಂದೆ ಮುಚ್ಚಳ, ಕೊರಳಿಗೆ ಸರಪಳಿ. ಊರಿಗೆಲ್ಲ ಅದೊಂದೇ ಗಡಿಯಾರ. ಒಬ್ಬೊಬ್ಬರ ಗದ್ದೆಗೆ ಒಂದೊಂದು ಗಂಟೆ ನೀರು ಎಂದು ಹಿರಿಯರು ಗೊತ್ತು ಮಾಡಿದ್ದರು. ನೀರುಗಂಟಿ ಗಡಿಯಾರವನ್ನು ಅಂಗೈಯ ಮರೆಯಲ್ಲಿ ಹಿಡಿದು ನೋಡುತ್ತಿದ್ದ. "ನಿನ್ನ ಸರದಿ ಮುಗಿಯಿತಪ್ಪ" ಎನ್ನುತ್ತಿದ್ದ. ಗದ್ದೆಗೆ ನೀರು ಹೋಗುವ ಮಡೆಯನ್ನು ಮಣ್ಣೆಳೆದು ಕಟ್ಟುತ್ತಿದ್ದ. ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಗಡಿಯಾರದ ಜೊತೆ ಜಗಳ ಆಡುವವರುಂಟೇ?

ಆ ಗಡಿಯಾರವನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ. ಅಪ್ಪ ಬದುಕಿರುವಾಗ ಮಗನೂ ಮುಟ್ಟುವ ಹಾಗಿರಲಿಲ್ಲ. ದಿನಾ ಬೆಳಿಗ್ಗೆ ನೀರುಗಂಟಿ ಅದಕ್ಕೆ ಕೀ ಕೊಡುತ್ತಿದ್ದ, ಕಿವಿಯ ಬಳಿ ಹಿಡಿಯುತ್ತಿದ್ದ, ತಲೆಯಾಡಿಸುತ್ತಿದ್ದ, ಸೊಂಟದ ಚೀಲಕ್ಕೆ ಇಳಿಸುತ್ತಿದ್ದ. ಮಗ ದೂರದಿಂದ ನೋಡಿ ಕಲಿತ.

ನೀರುಗಂಟಿಗೆ ಕಾಲ ಬಂತು, ಹೋದ. ತಿಥಿ ಕರ್ಮ ಮುಗಿಯಿತು. ಮಗ ಅಪ್ಪನ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು, ಹೊಸ ಚಪ್ಪಲಿ ಮೆಟ್ಟಿಕೊಂಡು ತೂಬಿನ ಬಳಿಗೆ ಬಂದ. ಊರವರೆಲ್ಲ ಕೆರೆಯ ಏರಿಯ ಮೇಲೆ ಸೇರಿದ್ದರು. ಮೊದಲ ಮಡೆ ತೆಗೆದ. ಗಡಿಯಾರ ತೆಗೆದು ನೋಡಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದ. ಮುಳ್ಳು ಇದ್ದಲ್ಲೇ ಇತ್ತು. ಕೀ ಕೊಟ್ಟ, ಅಲ್ಲಾಡಿಸಿದ, ಕಿವಿಗೆ ಹಿಡಿದ. ಸದ್ದಿಲ್ಲ.

ಹುಡುಗ ನೇರ ಸ್ವಭಾವದವನು. ಎಲ್ಲರೆದುರೇ "ಗಡಿಯಾರ ನಿಂತಿದೆ" ಎಂದುಬಿಟ್ಟ.

"ಯಜಮಾನ ಹೋದ, ಅವನ ಹಿಂದೆ ಅದೂ ಹೋಯಿತು" ಎಂದು ಒಬ್ಬ ಕಣ್ಣೊರೆಸಿಕೊಂಡ. ಕಣ್ಣೊರೆಸಿಕೊಂಡ ಕೈಯಲ್ಲೇ ಗುದ್ದಲಿ ಹಿಡಿದು ತನ್ನ ಮಡೆಯನ್ನು ಇನ್ನಷ್ಟು ಅಗಲ ಮಾಡಿದ. ಪಕ್ಕದ ಗದ್ದೆಯವನು ಅದನ್ನು ಕಂಡ. ಆಮೇಲೆ ಕೇಳಬೇಕೇ? ಮೂವತ್ತು ವರ್ಷ ತುಟಿ ಬಿಚ್ಚದವರೆಲ್ಲ ಒಂದೇ ದಿನ ಮಾತಾಡಿದರು.

ಊರಿನ ಯಜಮಾನರು ನೀರುಗಂಟಿಯ ಮಗನನ್ನು ಕರೆಸಿದರು.

"ನೋಡಪ್ಪ, ಈ ಬೆಳೆ ಹೇಗೋ ಕೈಗೆ ಬಂತು. ಮುಂದಿನ ಬೆಳೆಗೆ ತೂಬು ಎತ್ತುವ ಹೊತ್ತಿಗೆ ಗಡಿಯಾರ ನಡೆಯಬೇಕು. ನಡೆಯದಿದ್ದರೆ ಆಚೆ ಕೆರೆಯ ನೀರುಗಂಟಿಯನ್ನು ಕರೆದುಕೊಂಡು ಬರುತ್ತೇವೆ. ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ನಿನ್ನ ಮಾತು ನಂಬಿ ಯಾರು ಮಡೆ ಕಟ್ಟುತ್ತಾರೆ, ಹೇಳು."

ಅಜ್ಜನಿಂದ ಬಂದ ಕೆಲಸ ಕೈ ಬಿಡುತ್ತದೆ ಎಂದು ಮಗ ಹೆದರಿದ. ಮಾರನೆಯ ಬೆಳಿಗ್ಗೆಯೇ ಹೊರಟ. ತಾಯಿ ರೊಟ್ಟಿ ಬುತ್ತಿ ಕಟ್ಟುತ್ತಾ, "ಮಗಾ, ಆ ಗಡಿಯಾರ ಇದೆಯಲ್ಲ..." ಎಂದು ಬಾಯಿ ತೆಗೆದಳು.

"ಅಮ್ಮಾ, ಗಡಿಯಾರದ ವಿಷಯ ನಿನಗೇನು ಗೊತ್ತು?" ಎಂದ ಮಗ.

"ಅದೂ ಸರಿಯೇ" ಎಂದಳು ತಾಯಿ. ಬುತ್ತಿಗೆ ಇನ್ನೆರಡು ರೊಟ್ಟಿ ಸೇರಿಸಿದಳು. "ಹುಷಾರು, ಹಸಿದುಕೊಂಡು ತಿರುಗಬೇಡ."

ಮೊದಲು ಸಂತೆಯ ಊರಿಗೆ ಹೋದ. ಅಲ್ಲೊಬ್ಬ ಗಡಿಯಾರ ರಿಪೇರಿಯವನು ಕೊಡೆ ನೆಟ್ಟು ಅದರ ಕೆಳಗೆ ಕೂತಿದ್ದ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೆ ನೋಡಿದ.

"ಸ್ಪ್ರಿಂಗು ತುಂಡಾಗಿದೆ. ಅದು ಹಾಗಿರಲಿ. ಇಲ್ಲಿ ಇರಬೇಕಾದ ಹಲ್ಲಿನ ಚಕ್ರವೇ ಇಲ್ಲವಲ್ಲ ಮಾರಾಯ!"

"ಇಲ್ಲವೆಂದರೆ?"

"ಇಲ್ಲವೆಂದರೆ ಇಲ್ಲ. ಅಜ್ಜಿ ಬಾಯಲ್ಲಿ ಹಲ್ಲಿಲ್ಲದ ಹಾಗೆ."

ನೀರುಗಂಟಿಯ ಮಗ ಯೋಚನೆ ಮಾಡಿದ. ಅಪ್ಪ ಹಾಸಿಗೆ ಹಿಡಿಯುವ ಹಿಂದಿನ ದಿನದವರೆಗೂ ಇದೇ ಗಡಿಯಾರ ನೋಡಿ ನೀರು ಬಿಟ್ಟಿದ್ದ. ಆವತ್ತು ಇದ್ದ ಚಕ್ರ ಈಗ ಇಲ್ಲ. ಅಂದರೆ ಸಾವಿನ ಮನೆಗೆ ಬಂದವರಲ್ಲಿ ಯಾರೋ ಕದ್ದಿದ್ದಾರೆ. ಯಾರು ಬಂದಿದ್ದರು? ಎಲ್ಲರಿಗಿಂತ ಮುಂಚೆ ಬಂದು ಎಲ್ಲರಿಗಿಂತ ಕೊನೆಗೆ ಹೋದವನು ತಂಗಿಯ ಗಂಡ.

ನೇರ ತಂಗಿಯ ಊರಿಗೆ ನಡೆದ. ತಂಗಿ ಬಿಸಿ ಮುದ್ದೆ, ಉಪ್ಪುಸಾರು ಬಡಿಸಿದಳು. ಅವನು ತುತ್ತು ಬಾಯಿಗಿಡುತ್ತಾ ಗೂಡಿನಲ್ಲಿ ನೋಡಿದ, ಅಟ್ಟದ ಕಡೆ ನೋಡಿದ, ದೇವರ ಪಟದ ಹಿಂದೆ ನೋಡಿದ.

"ಏನಣ್ಣ ಹುಡುಕ್ತಿದ್ದೀಯ?" ಎಂದಳು ತಂಗಿ.

"ಏನಿಲ್ಲ. ಮನೆ ಚೆನ್ನಾಗಿಟ್ಟಿದ್ದೀಯ ಅಂತ ನೋಡಿದೆ."

ತಂಗಿಯ ಗಂಡ ಹಿಗ್ಗಿಹೋದ. "ಭಾವ, ಇನ್ನೊಂದು ಮುದ್ದೆ ಹಾಕಿಸಿಕೊಳ್ಳಿ" ಎಂದು ಉಪಚಾರ ಮಾಡಿದ. ಉಪಚಾರ ಹೆಚ್ಚಾದಷ್ಟೂ ಇವನ ಅನುಮಾನ ಹೆಚ್ಚಾಯಿತು. ಆದರೆ ಉಂಡ ಮನೆಯಲ್ಲಿ ಕೂತು ಕಳ್ಳ ಎನ್ನುವುದು ಹೇಗೆ? ಕೈ ತೊಳೆದುಕೊಂಡು ಪಟ್ಟಣದ ದಾರಿ ಹಿಡಿದ.

ಪಟ್ಟಣದಲ್ಲಿ ಒಬ್ಬ ಮುದುಕ ಇದ್ದ. ಹಳೆಯ ಗಡಿಯಾರ ಎಂದರೆ ಅವನೇ ಎಂದು ಎಲ್ಲರೂ ಹೇಳಿದರು. ಅವನ ಅಂಗಡಿಯ ಗೋಡೆಯ ಮೇಲೆ ನಲವತ್ತು ಗಡಿಯಾರಗಳು ನಲವತ್ತು ಗಂಟೆ ತೋರಿಸುತ್ತಿದ್ದವು. ಮುದುಕ ಗಡಿಯಾರದ ಬೆನ್ನಿನ ಮುಚ್ಚಳ ತೆಗೆದ. ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಇವನ ಮುಖ ನೋಡಿದ.

"ಇದು ಯಾರ ಕೈಯಲ್ಲಿತ್ತು?"

"ನಮ್ಮಪ್ಪನ ಕೈಯಲ್ಲಿ. ಇದನ್ನು ನೋಡಿಯೇ ಊರಿಗೆಲ್ಲ ನೀರು ಹಂಚುತ್ತಿದ್ದ."

"ಜಗಳ ಆಗುತ್ತಿತ್ತೇ?"

"ಒಂದು ದಿನವೂ ಇಲ್ಲ."

ಮುದುಕನ ಮೀಸೆ ಅಲುಗಾಡಿತು. ನಕ್ಕನೋ ಕೆಮ್ಮಿದನೋ ಗೊತ್ತಾಗಲಿಲ್ಲ. "ಒಳ್ಳೆಯ ಗಡಿಯಾರ" ಎಂದ. "ಸ್ಪ್ರಿಂಗು ನಾನು ಹೊಂದಿಸುತ್ತೇನೆ. ಚಕ್ರ ನನ್ನಲ್ಲಿಲ್ಲ. ಇದನ್ನು ಮಾಡಿದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಇದರ ಜೊತೆಯಲ್ಲಿ ಹುಟ್ಟಿದ ಗಡಿಯಾರ ಎಲ್ಲಾದರೂ ಸತ್ತು ಮಲಗಿದ್ದರೆ ಅದರ ಚಕ್ರ ಇದಕ್ಕೆ ಕೂರುತ್ತದೆ. ಹುಡುಕು."

ಹುಡುಕಿದ. ಗುಜರಿ ಅಂಗಡಿಗಳ ಬೀದಿಯಲ್ಲಿ ಹತ್ತು ದಿನ ಕುಕ್ಕರಗಾಲಲ್ಲಿ ಕೂತ. ಹಳೆಯ ಬಿಸ್ಕತ್ತಿನ ಡಬ್ಬಿಗಳ ತುಂಬ ಚಕ್ರಗಳು. ಒಂದೊಂದನ್ನೇ ಚಿಮಟದಲ್ಲಿ ಎತ್ತಿ, ಮುದುಕ ಕಾಗದದ ಮೇಲೆ ಬರೆದುಕೊಟ್ಟ ಅಳತೆಗೆ ಇಟ್ಟು ನೋಡಿದ. ಒಂದು ದೊಡ್ಡದು. ಒಂದು ಚಿಕ್ಕದು. ಒಂದಕ್ಕೆ ಎಲ್ಲ ಸರಿ, ಹಲ್ಲು ಮಾತ್ರ ಎರಡು ಹೆಚ್ಚು. ಕಡೆಗೊಬ್ಬ ಗುಜರಿಯವನು ಕನಿಕರದಿಂದ ಹೇಳಿದ: "ಇಂಥ ಗಡಿಯಾರ ರೈಲಿನವರ ಹತ್ತಿರ ಇರುತ್ತಿತ್ತು. ಸ್ಟೇಷನ್ನಿನ ಹಿಂದೆ ಹಳೆಯ ಗಾರ್ಡಿನ ಹೆಂಡತಿ ಒಬ್ಬರಿದ್ದಾರೆ. ಕೇಳಿ ನೋಡು. ಬೈದರೆ ನನ್ನ ಹೆಸರು ಹೇಳಬೇಡ."

ಗಾರ್ಡಿನ ಹೆಂಡತಿ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಇವನು ತನ್ನ ಗಡಿಯಾರ ತೋರಿಸಿದ. ಅವಳು ಒಳಗೆ ಹೋಗಿ ಗಂಡನ ಪಟದ ಮುಂದಿದ್ದ ಗಡಿಯಾರ ತಂದಳು. ಎರಡನ್ನೂ ಒಂದೇ ಮೊರದ ಮೇಲೆ ಇಟ್ಟರು. ಒಂದೇ ಬಸಿರಲ್ಲಿ ಹುಟ್ಟಿದವುಗಳ ಹಾಗಿದ್ದವು.

"ಇದೂ ನಡೆಯುವುದಿಲ್ಲಪ್ಪ" ಎಂದಳು. "ನಮ್ಮ ಯಜಮಾನರ ಕೈಯಿಂದ ಬಿದ್ದು ಮುಳ್ಳೆಲ್ಲ ಮುರಿಯಿತು. ಒಳಗಿನದು ಇದ್ದೀತು. ನಿನಗೆ ಯಾಕೆ ಬೇಕು?"

ಇವನು ಕೆರೆಯ ವಿಷಯ ಹೇಳಿದ, ತೂಬು ಎತ್ತುವ ದಿನದ ವಿಷಯ ಹೇಳಿದ. ಅವಳು ಅಕ್ಕಿಯಲ್ಲಿದ್ದ ಕಲ್ಲೊಂದನ್ನು ಆರಿಸಿ ಬೀದಿಗೆಸೆದಳು.

"ಮೂವತ್ತೈದು ವರ್ಷ ಇದನ್ನು ನೋಡಿಕೊಂಡು ರೈಲು ಬಿಟ್ಟರು. ಒಂದು ದಿನವಾದರೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದರಾ? ಬರಲಿಲ್ಲ. ನಿನ್ನ ನೀರಾದರೂ ಹೊತ್ತಿಗೆ ಹೋಗಲಿ. ತಗೋ. ಚಕ್ರ ತೆಗೆದುಕೊಂಡು ಡಬ್ಬಿ ವಾಪಸು ಕೊಡು, ಪಟದ ಮುಂದೆ ಇಡಬೇಕು. ಏನೂ ಕೊಡಬೇಡ. ಒಂದೇ ಒಂದು ಮಾತು. ನಿನ್ನದು ನಡೆದರೆ ಒಂದು ಸಲ ತಂದು ನನ್ನ ಕಿವಿಗೆ ಹಿಡಿ. ಆ ಟಿಕ್ ಟಿಕ್ ಕೇಳಿ ಬಹಳ ದಿನವಾಯಿತು."

ಇವನು ಅವಳ ಕಾಲಿಗೆ ಬಿದ್ದು ಮಾತು ಕೊಟ್ಟ. ಪಟ್ಟಣದ ಮುದುಕನ ಬಳಿಗೆ ಓಡಿದ.

ಮುದುಕ ಚಕ್ರ ತೊಳೆದ, ಒರೆಸಿದ, ಕೂರಿಸಿದ. ಸ್ಪ್ರಿಂಗು ಹಾಕಿದ. ಸೂಜಿಯ ಮೊನೆಯಲ್ಲಿ ಎಷ್ಟು ನಿಲ್ಲುತ್ತದೋ ಅಷ್ಟು ಎಣ್ಣೆ ಬಿಟ್ಟ. ಕೀ ಕೊಟ್ಟ. ಗಡಿಯಾರ ಒಮ್ಮೆ ತಡವರಿಸಿತು, ಆಮೇಲೆ ಮಳೆಗಾಲದ ಕಪ್ಪೆಯ ಹಾಗೆ ಒಂದೇ ಸಮನೆ ಮಾತಾಡತೊಡಗಿತು. ನೀರುಗಂಟಿಯ ಮಗನ ಕಣ್ಣಲ್ಲಿ ನೀರು ತುಂಬಿತು.

ಮುದುಕ ಡಬ್ಬಿಯನ್ನು ವಾಪಸು ಕೊಡಲು ಕಟ್ಟಿಟ್ಟ. ಆಮೇಲೆ ಒಂದು ಸಣ್ಣ ಮೊಳೆ ತೆಗೆದುಕೊಂಡು ಇವನ ಗಡಿಯಾರದ ಮುಚ್ಚಳದ ಒಳಮೈಯಲ್ಲಿ ಏನೋ ಗೀಚಿದ.

"ಅದೇನು?"

"ನಮ್ಮ ಕಸುಬಿನ ಪದ್ಧತಿ. ಯಾರು ಬಿಚ್ಚಿದರೂ ಏನು ಮಾಡಿದೆ, ಯಾವಾಗ ಮಾಡಿದೆ ಅಂತ ಒಳಗೆ ಗೀಚಿ ಇಡುತ್ತೇವೆ. ಮುಂದೆ ಬಿಚ್ಚುವವನಿಗೆ ತಿಳಿಯಲಿ ಅಂತ. ನಾನು ಗೀಚಿದ್ದರ ಮೇಲೆ ನನಗೆ ವಿದ್ಯೆ ಕಲಿಸಿದವರು ಗೀಚಿದ್ದೂ ಇದೆ. ಬಿಡುವಾದಾಗ ಓದಿಕೋ."

ಬಿಡುವೆಲ್ಲಿತ್ತು? ಮೂರು ದಿನಕ್ಕೆ ತೂಬು ಎತ್ತಬೇಕು. ಗಾರ್ಡಿನ ಹೆಂಡತಿಯ ಬಾಗಿಲಲ್ಲಿ ಡಬ್ಬಿ ಕೊಟ್ಟು, ನಡೆಯುವ ಗಡಿಯಾರವನ್ನು ಅವಳ ಕಿವಿಗೆ ಹಿಡಿದ. ಅವಳು ಕಣ್ಣು ಮುಚ್ಚಿ ಕೇಳಿದಳು. "ಸಾಕು ಹೋಗು, ತಲೆ ತಿನ್ನುತ್ತದೆ" ಎಂದು ನಕ್ಕಳು. ಇವನು ಊರಿಗೆ ಬಂದ.

ತೂಬು ಎತ್ತುವ ದಿನ ಏರಿಯ ಮೇಲೆ ಊರೆಲ್ಲ ಸೇರಿತು. ಯಜಮಾನರು ಗಡಿಯಾರಕ್ಕೆ ಕಿವಿ ಕೊಟ್ಟು ಕೇಳಿದರು. "ನಡೆಯುತ್ತಿದೆ" ಎಂದು ಎಲ್ಲರಿಗೂ ಹೇಳಿದರು. ಜನ ಹೋ ಎಂದರು. ನೀರುಗಂಟಿಯ ಮಗ ಚಪ್ಪಲಿ ಮೆಟ್ಟಿಕೊಂಡು ತೂಬಿನ ಕಟ್ಟೆಯ ಮೇಲೆ ಕೂತ. ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡ. ಒಬ್ಬೊಬ್ಬರಿಗೂ ಸರಿಯಾಗಿ ಒಂದೊಂದು ಗಂಟೆ. ಒಂದು ಗಳಿಗೆ ಹೆಚ್ಚಿಲ್ಲ, ಒಂದು ಗಳಿಗೆ ಕಡಿಮೆ ಇಲ್ಲ. ಹೊತ್ತಾಯಿತು ಎಂದರೆ ಏರಿಯ ಮೇಲಿಂದಲೇ ಕೂಗಿ ಹೇಳಿದ. ಇಷ್ಟು ನ್ಯಾಯ ಯಾವ ಊರಲ್ಲೂ ನಡೆದಿರಲಿಕ್ಕಿಲ್ಲ.

ಸರದಿ ಒಂದು ಸುತ್ತು ಮುಗಿಯುವ ಹೊತ್ತಿಗೆ ಊರಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ತೂಬಿನ ಪಕ್ಕದ ಜೇಡಿಮಣ್ಣಿನ ಗದ್ದೆಯವನು ಬಂದ. "ಏನಪ್ಪಾ, ನನ್ನ ಗದ್ದೆಯಲ್ಲಿ ಭತ್ತ ನಾಟಿ ಮಾಡಲೋ ಮೀನು ಬಿಡಲೋ? ಪೈರು ಮುಳುಗಿದೆ!"

ನಡುವಿನ ಮರಳುಗದ್ದೆಯವನು ಬಂದ. "ನೀನು ಬಿಟ್ಟ ನೀರನ್ನು ನನ್ನ ಗದ್ದೆ ಬೆಳಿಗ್ಗೆ ಕುಡಿದು ಮಧ್ಯಾಹ್ನಕ್ಕೆ ಬಾಯಾರಿ ಕೂತಿದೆ!"

ಕಾಲುವೆಯ ತುದಿಯವನು ಕಡೆಗೆ ಬಂದ. ಅವನು ಕೂಗಾಡಲಿಲ್ಲ. "ನೀರು ತೂಬಿನಿಂದ ನಡೆದು ನಡೆದು ನನ್ನ ಬದುವಿನ ತನಕ ಬಂತಪ್ಪ. ಅಷ್ಟು ಹೊತ್ತಿಗೆ ನೀನು ಹೊತ್ತಾಯಿತು ಅಂದೆ. ನನ್ನ ಗದ್ದೆಗೆ ನೀರಿನ ವಾಸನೆ ಮಾತ್ರ ಸಿಕ್ಕಿತು" ಎಂದ.

"ನಾನೇನು ಮಾಡಲಿ? ಗಡಿಯಾರ ನೋಡಿ. ಎಲ್ಲರಿಗೂ ಒಂದೇ!"

"ಇದು ನಿಮ್ಮಪ್ಪನ ಗಡಿಯಾರವಲ್ಲ" ಎಂದರು ಮೂವರೂ. "ನಿಮ್ಮಪ್ಪನದು ಹೀಗೆ ಮಾಡುತ್ತಿರಲಿಲ್ಲ. ಪಟ್ಟಣದವರು ಒಳಗಿನ ಜೀವ ತೆಗೆದು ಬೇರೇನೋ ತುಂಬಿ ಕಳಿಸಿದ್ದಾರೆ."

ಯಜಮಾನರು ತಲೆ ಕೆರೆದುಕೊಂಡರು. "ಇನ್ನೊಂದು ಸರದಿ ನೋಡೋಣ. ಆಗಲೂ ಹೀಗಾದರೆ ಆಚೆ ಕೆರೆಯವನಿಗೆ ಹೇಳಿ ಕಳಿಸುವುದೇ" ಎಂದರು.

ಮಗ ಮನೆಗೆ ಬಂದ. ಗಡಿಯಾರವನ್ನು ತಾಯಿಯ ಮುಂದೆ ಇಟ್ಟು ಕೂತುಬಿಟ್ಟ.

"ಅಮ್ಮಾ, ಸರಿ ಮಾಡಿಸಿದ್ದೇ ತಪ್ಪಾಯಿತು. ಚಕ್ರ ಕದ್ದವನು ಸಿಕ್ಕಿದ್ದರೆ ಹಳೆಯ ಚಕ್ರವನ್ನೇ ಹಾಕಿಸಬಹುದಿತ್ತು. ನನಗೆ ತಂಗಿಯ ಗಂಡನ ಮೇಲೇ ಅನುಮಾನ."

"ಅಯ್ಯೋ ನಿನ್ನ ಬುದ್ಧಿಗಿಷ್ಟು!" ತಾಯಿ ಬಿದ್ದು ಬಿದ್ದು ನಕ್ಕಳು. "ತೆಂಗಿನಕಾಯಿ ಸುಲಿಯಲು ಬಾರದವನು ಗಡಿಯಾರ ಬಿಚ್ಚುತ್ತಾನೆಯೇ? ಅದರ ಬೆನ್ನು ತೆಗೆದು ನೋಡಿದ್ದೀಯ?"

ಆಗ ಅವನಿಗೆ ಮುದುಕನ ಮಾತು ನೆನಪಾಯಿತು. ಮುಚ್ಚಳ ತೆಗೆದ. ಬೆಳಕಿಗೆ ಹಿಡಿದ. ಕೆಳಗಿನ ಸಾಲಿನಲ್ಲಿ 'ಬೇರೆ ಚಕ್ರ ಹಾಕಿದೆ, ನಡೆಯುತ್ತದೆ' ಎಂದಿತ್ತು. ಅದರ ಮೇಲೆ ಹಳೆಯ ಗೀಚು. 'ಚಕ್ರ ಮುರಿದಿದೆ. ತೆಗೆದೆ. ಬೇರೆ ಸಿಗಲಿಲ್ಲ. ಹಾಗೆಯೇ ವಾಪಸು ಕೊಟ್ಟೆ.' ಅದರ ಪಕ್ಕದಲ್ಲಿ ಇಸವಿ.

ಮಗ ಲೆಕ್ಕ ಹಾಕಿದ. ಆ ಇಸವಿಯಲ್ಲಿ ಅವನಿಗಿನ್ನೂ ಹಾಲುಹಲ್ಲು ಮೂಡಿರಲಿಲ್ಲ.

"ಅಮ್ಮಾ! ಹಾಗಾದರೆ ಮೂವತ್ತು ವರ್ಷ..."

"ಮೂವತ್ತು ವರ್ಷ" ಎಂದಳು ತಾಯಿ. "ದಿನಾ ಬೆಳಿಗ್ಗೆ ಸುಮ್ಮನೆ ಕೀ ಕೊಡುತ್ತಿದ್ದರು. ಒಂದು ದಿನ ಸ್ಪ್ರಿಂಗು ಪಟ್ಟಂತ ಮುರಿಯಿತು. ಆಗಲೂ ಕಿವಿಗೆ ಹಿಡಿದು ತಲೆ ಆಡಿಸಿದರು. ನಾನು ಒಲೆ ಮುಂದೆ ನಗು ತಡೆಯಲಾರದೆ ಸೆರಗು ಕಚ್ಚಿಕೊಂಡೆ."

"ಮತ್ತೆ ಏನು ನೋಡಿ ನೀರು ಬಿಡುತ್ತಿದ್ದ?"

"ನೀನು ಅಪ್ಪನ ಕೈ ನೋಡಿದೆ ಮಗಾ, ಕಾಲು ನೋಡಲಿಲ್ಲ" ಎಂದಳು ತಾಯಿ. "ಅವರು ಎಂದಾದರೂ ತೂಬಿನ ಕಟ್ಟೆ ಮೇಲೆ ಕೂತಿದ್ದರಾ? ಚಪ್ಪಲಿ ಮೆಟ್ಟಿದ್ದರಾ? ಪ್ರತಿ ಗದ್ದೆಯ ಬದುವಿನ ಮೇಲೂ ಬರಿಗಾಲಲ್ಲಿ ನಡೆಯುತ್ತಿದ್ದರು. ಗದ್ದೆಯ ಆಚೆ ಮೂಲೆಗೆ ಹೋಗಿ ಕಾಲಿಡುತ್ತಿದ್ದರು. ಜೇಡಿಮಣ್ಣಿಗೆ ಬೇಗ ಸಾಕಾಗುತ್ತದೆ, ಮರಳಿಗೆ ಹೊತ್ತು ಬೇಕು, ತುದಿಯ ಗದ್ದೆಗೆ ನೀರು ನಡೆದು ಬರಬೇಕು. ಕಾಲಿಗೆ ಸಾಕು ಅನ್ನಿಸಿದ ಮೇಲೆ ಗಡಿಯಾರ ತೆಗೆಯುತ್ತಿದ್ದರು. 'ನಿನಗೆ ಸಾಕು' ಅಂತ ಮನುಷ್ಯ ಹೇಳಿದರೆ ಮನುಷ್ಯ ಕೇಳುತ್ತಾನೆಯೇ? ಅದಕ್ಕೆ ಅದನ್ನು ತೆಗೆಯುತ್ತಿದ್ದರು."

ಮಗ ಗಡಿಯಾರದ ಮುಚ್ಚಳ ಹಾಕಿದ. "ನನಗೆ ಯಾಕೆ ಹೇಳಲಿಲ್ಲ?" ಎಂದ.

"ಅವನು ಚಪ್ಪಲಿ ಬಿಟ್ಟು ಬದುವಿಗೆ ಇಳಿದ ದಿನ ಹೇಳುತ್ತೇನೆ ಅನ್ನುತ್ತಿದ್ದರು. ನೀನು ಇಳಿಯಲಿಲ್ಲ, ಅವರು ಉಳಿಯಲಿಲ್ಲ."

"ನೀನಾದರೂ ಹೇಳಬಾರದಿತ್ತೇ?"

"ಹೇಳಲು ಬಾಯಿ ತೆಗೆದೆ. ಗಡಿಯಾರದ ವಿಷಯ ನಿನಗೇನು ಗೊತ್ತು ಅಂದೆ ನೀನು. ಅದಕ್ಕೇ ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿದೆ. ದೂರ ತಿರುಗುತ್ತಾನೆ ಅಂತ ಗೊತ್ತಿತ್ತು."

ಮುಂದಿನ ಸರದಿ ಬಂತು. ನೀರುಗಂಟಿಯ ಮಗ ಚಪ್ಪಲಿಯನ್ನು ಏರಿಯ ಮೇಲೆ ಬಿಟ್ಟ. ಬದುವಿಗೆ ಇಳಿದ. ಮೊದಲ ದಿನ ಎರಡು ಸಲ ಜಾರಿ ಬಿದ್ದ. ಮೈಯೆಲ್ಲ ಕೆಸರಾಯಿತು. ಜನ ನಕ್ಕರು. ಅವನೂ ನಕ್ಕ. ಜೇಡಿಗದ್ದೆಯ ಮೂಲೆಯಲ್ಲಿ ಕಾಲಿಟ್ಟ. ಮರಳುಗದ್ದೆಯ ಮೂಲೆಯಲ್ಲಿ ಕಾಲಿಟ್ಟು ಕಾದ. ತುದಿಯ ಗದ್ದೆಗೆ ನೀರಿನ ಜೊತೆ ತಾನೂ ನಡೆದು ಹೋದ. ತಪ್ಪಿದಲ್ಲಿ ಗದ್ದೆಯವನನ್ನೇ ಕೇಳಿದ: "ಇಲ್ಲಿ ಅಪ್ಪ ಎಲ್ಲಿ ನಿಲ್ಲುತ್ತಿದ್ದ?" ಅವರು ಜಾಗ ತೋರಿಸಿದರು. ಕಾಲಿಗೆ ಸಾಕು ಅನ್ನಿಸಿದಾಗ ಸೊಂಟದ ಚೀಲದಿಂದ ಗಡಿಯಾರ ತೆಗೆದ. ಅಂಗೈಯ ಮರೆಯಲ್ಲಿ ನೋಡಿದ. "ನಿನ್ನ ಸರದಿ ಮುಗಿಯಿತಪ್ಪ" ಎಂದ.

ಸುತ್ತು ಮುಗಿಯಿತು. ಯಾರೂ ತುಟಿ ಬಿಚ್ಚಲಿಲ್ಲ. ತುದಿಯ ಗದ್ದೆಯವನು ಯಜಮಾನರ ಮನೆಗೆ ಹೋಗಿ ಹೇಳಿದ: "ಆಚೆ ಕೆರೆಯವನಿಗೆ ಹೇಳಿ ಕಳಿಸಬೇಡಿ. ಗಡಿಯಾರ ಈಗ ಸರಿಯಾಯಿತು. ಪಟ್ಟಣದಿಂದ ಬಂದದ್ದಲ್ಲವೇ, ನಮ್ಮೂರ ಗಾಳಿಗೆ ಹೊಂದಿಕೊಳ್ಳಲು ಒಂದು ಸುತ್ತು ಬೇಕಾಯಿತು."

ಆಮೇಲೆ ಅವನು ಅದಕ್ಕೆ ಕೀ ಕೊಡುವುದನ್ನು ಬಿಟ್ಟ. ವರ್ಷಕ್ಕೊಂದು ದಿನ ಮಾತ್ರ ಕೊಡುತ್ತಿದ್ದ. ಸುಗ್ಗಿ ಮುಗಿದ ಮೇಲೆ ಒಂದು ಚೀಲ ಹೊಸ ಅಕ್ಕಿ ಹೊತ್ತುಕೊಂಡು ಗಾರ್ಡಿನ ಹೆಂಡತಿಯ ಮನೆಗೆ ಹೋಗುತ್ತಿದ್ದ. ಅವಳ ಕಿವಿಗೆ ಗಡಿಯಾರ ಹಿಡಿಯುತ್ತಿದ್ದ. ಅವಳು ಕಣ್ಣು ಮುಚ್ಚಿ ಕೇಳಿ, "ಸಾಕು ಹೋಗು, ತಲೆ ತಿನ್ನುತ್ತದೆ" ಎಂದು ನಗುತ್ತಿದ್ದಳು. ದಾರಿಯಲ್ಲಿ ತಂಗಿಯ ಮನೆಯಲ್ಲಿ ಇಳಿದು, ತಂಗಿಯ ಗಂಡ ಬೇಡವೆಂದರೂ ಚೀಲದ ತುಂಬ ಅವರೆಕಾಯಿ ಕೊಟ್ಟು ಹೋಗುತ್ತಿದ್ದ. ಯಾಕೆಂದು ತಂಗಿಯ ಗಂಡನಿಗೆ ಕಡೆಯವರೆಗೂ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ತೇಪೆಯ ಮೂರು ಬದಿ ಮುಗಿದಿತ್ತು. ಒಂದು ಬದಿ ಉಳಿದಿತ್ತು.

ಹೊನ್ನಯ್ಯ ನಗುತ್ತಿದ್ದವನು ಗಂಭೀರನಾದ. "ಆದರೆ ಗುರುಗಳೇ, ನಿಂತ ಗಡಿಯಾರ ತೋರಿಸಿದ್ದು ಊರಿಗೆ ಮಾಡಿದ ಮೋಸವಲ್ಲವೇ?"

"ಗಡಿಯಾರ ನಡೆಯುತ್ತಿದೆ ಅಂತ ಅವನು ಯಾರಿಗೂ ಹೇಳಲಿಲ್ಲ. ಸರದಿ ಮುಗಿಯಿತು ಅಂದ. ಸರದಿ ಮುಗಿದಿತ್ತು."

ಹೊನ್ನಯ್ಯ ಯೋಚಿಸಿದ. ಕತೆ ಚೆನ್ನಾಗಿತ್ತು, ಅವನಿಗೆ ಅರ್ಥವೂ ಆಗಿತ್ತು. ಆದರೂ ಓದಿದವನ ಮನಸ್ಸು. "ಎಲ್ಲ ಸರಿ ಗುರುಗಳೇ. ಗಡಿಯಾರದ ಮಾತು ಬೇರೆ, ಗ್ರಂಥದ ಮಾತು ಬೇರೆ. ನೀವು ಗ್ರಂಥ ನೋಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗೆದ್ದಲು ತಿನ್ನುವ ಮುಂಚೆ ಆ ಗರಿಗಳಲ್ಲಿ ಏನಿತ್ತು ಅಂತ ನೀವು ಬಾಯಲ್ಲಿ ಹೇಳಿದರೂ ಸಾಕು, ನಾನು ಬರೆದುಕೊಳ್ಳುತ್ತೇನೆ" ಎಂದು ಲೇಖನಿ ಹಿಡಿದು ಕೂತ.

ಅಷ್ಟರಲ್ಲಿ ದಿಡ್ಡಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಅಣ್ಣತಮ್ಮಂದಿರಿಬ್ಬರು ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಗುರುಗಳು ತೇಪೆಯ ಕಡೆಯ ಹೊಲಿಗೆ ಹಾಕಿ ದಾರವನ್ನು ಹಲ್ಲಿನಲ್ಲಿ ಕಡಿದರು. ಎದ್ದು ಮಜ್ಜಿಗೆಯ ಗಡಿಗೆಯನ್ನು ತಾವೇ ಎತ್ತಿಕೊಂಡರು. ಹೋಗುತ್ತಾ ಶಿಷ್ಯನ ಕಡೆ ತಿರುಗಿ ಹೇಳಿದರು:

"ಅದು ಕುದುರೆಯ ಗ್ರಂಥ ಅಂತ ನನಗೂ ತಿಳಿದದ್ದು ಇವತ್ತೇ ಮಗೂ, ನನಗೆ ಓದಲು ಬರುವುದಿಲ್ಲ."